ಘಾಟಿ ಹತ್ತುವ ಕಾರಿಗೆ ದಪ್ಪ ಆಯಿಲ್ ಬೇಕಾ?

[ದೃಶ್ಯ: ಮಡಿಕೇರಿ, ಬೆಳಗ್ಗೆ ಆರೂವರೆ. ಸುತ್ತ ಮಂಜು. ಮನೆ ಮುಂದೆ ಕಾರು.]

ನಮಸ್ಕಾರ. ಸ್ಟಾರ್ಟ್ ಮಾಡುತ್ತೇನೆ, ಸ್ವಲ್ಪ ಕಿವಿಗೊಟ್ಟು ಕೇಳಿ. ಟಕ್ ಟಕ್ ಅಂತ ಒಂದು ಕ್ಷಣ ಸದ್ದು ಬಂತು, ನಿಂತಿತು. ಎಂಜಿನ್‌ನ ಮೇಲ್ಭಾಗಕ್ಕೆ ಆಯಿಲ್ ತಲುಪಿತು ಅಂತ ಅರ್ಥ.

ಎರಡು ವರ್ಷದ ಹಿಂದೆ ಇದೇ ಕಾರಿನಲ್ಲಿ ಈ ಸದ್ದು ಇಷ್ಟು ಬೇಗ ನಿಲ್ಲುತ್ತಿರಲಿಲ್ಲ. ಒಂದು ಗ್ಯಾರೇಜಿನಲ್ಲಿ, "ಸಂಪಾಜೆ ಘಾಟಿ ಹತ್ತಿ ಇಳಿಯೋ ಗಾಡಿ, ದಪ್ಪ ಆಯಿಲ್ ಇರಲಿ" ಅಂತ 20ಡಬ್ಲ್ಯು-50 ಹಾಕಿದ್ದರು. ಕಾರಿನ ಪುಸ್ತಕದಲ್ಲಿ ಇದ್ದದ್ದು 0ಡಬ್ಲ್ಯು-20. ಚಳಿ ಶುರುವಾದ ಮೇಲೆ ವ್ಯತ್ಯಾಸ ಗೊತ್ತಾಯಿತು. ಮೈಲೇಜೂ ಇಳಿಯಿತು.

[ದೃಶ್ಯ: ರಾತ್ರಿಯಿಡೀ ಹೊರಗಿಟ್ಟ ಎರಡು ಆಯಿಲ್, ಎರಡು ಗಾಜಿನ ಲೋಟಕ್ಕೆ ಒಟ್ಟಿಗೆ ಸುರಿಯುವುದು.]

ಎಡಗಡೆಯದು 0ಡಬ್ಲ್ಯು-20, ಸರಾಗವಾಗಿ ಇಳಿಯುತ್ತಿದೆ. ಬಲಗಡೆಯದು 20ಡಬ್ಲ್ಯು-50. ಡಿಸೆಂಬರ್‌ನಲ್ಲಿ ಜೇನಿನ ಬಾಟಲಿ ಬಗ್ಗಿಸಿದ ಹಾಗಿದೆ, ಅಲ್ವಾ?

ಡಬ್ಲ್ಯು ಅಂದರೆ ವಿಂಟರ್. ಅದಕ್ಕಿಂತ ಮೊದಲು ಬರುವ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸುಲಭವಾಗಿ ಓಡಾಡುತ್ತದೆ ಅನ್ನುವುದಕ್ಕೆ. ಆಮೇಲೆ ಬರುವ ಅಂಕಿ 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದಕ್ಕೆ.

ಘಾಟಿಯಲ್ಲಿ ಎಂಜಿನ್ ಕಾಯುವುದಿಲ್ಲವಾ? ಕಾಯುತ್ತದೆ. ಅದನ್ನು ಹಿಡಿತದಲ್ಲಿಡಲು ಥರ್ಮೋಸ್ಟಾಟ್, ರೇಡಿಯೇಟರ್ ಇವೆ. ಕಂಪನಿಯವರು ಬೇರಿಂಗ್ ಸಂದುಗಳನ್ನೂ ಆಯಿಲ್ ಹರಿಯುವ ಸಣ್ಣ ದಾರಿಗಳನ್ನೂ ಒಂದು ದಪ್ಪಕ್ಕೆ ಲೆಕ್ಕ ಹಾಕಿಯೇ ಮಾಡಿರುತ್ತಾರೆ. ತೋಟದ ಹಳೇ ಜೀಪಿನ ಪುಸ್ತಕದಲ್ಲಿ 15ಡಬ್ಲ್ಯು-40 ಅಂತಿದ್ದರೆ ಅದಕ್ಕೆ ಅದೇ ಸರಿ. ಪಕ್ಕದ ಮನೆಯವರ ಕಾರಿಗೆ ಹಾಕಿದ್ದು ಅಂತ ಸುಮ್ನೆ ನಿಮ್ಮದಕ್ಕೂ ಹಾಕಿಸಬೇಡಿ.

ಡಬ್ಬದ ಮೇಲೆ ಎಪಿಐ ಗುರುತನ್ನೂ ನೋಡಿ, ಅದು ಆಯಿಲ್‌ನ ಗುಣಮಟ್ಟ ಹೇಳುತ್ತದೆ. ಪೆಟ್ರೋಲ್‌ಗೆ ಎಸ್‌ಎನ್, ಎಸ್‌ಪಿ ಹೀಗೆ ಇರುತ್ತದೆ, ಎಸ್‌ಎನ್‌ಗಿಂತ ಎಸ್‌ಪಿ ಹೊಸದು. ಬಿಎಸ್6 ಡೀಸೆಲ್ ಕಾರಿನಲ್ಲಿ ಹೊಗೆ ಸೋಸುವ ಡಿಪಿಎಫ್ ಇದ್ದರೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಇಲ್ಲದಿದ್ದರೆ ಆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ರಿಪೇರಿ ದುಬಾರಿ.

[ದೃಶ್ಯ: ಆಯಿಲ್ ಹಾಕುವ ಮುಚ್ಚಳದ ಒಳಭಾಗ, ಹತ್ತಿರದಿಂದ.]

ಇಲ್ಲಿ ನೋಡಿ, ಹಾಲು ಜಾಸ್ತಿಯಾದ ಕಾಫಿಯ ಬಣ್ಣದ ನೊರೆ. ಮಳೆಗಾಲದಲ್ಲಿ ನಮ್ಮ ಓಡಾಟ ಎಷ್ಟು? ಮಕ್ಕಳ ಸ್ಕೂಲು, ಮಾರ್ಕೆಟ್ಟು, ಮನೆ. ಎಂಜಿನ್ ಚೆನ್ನಾಗಿ ಬಿಸಿಯಾಗುವ ಮೊದಲೇ ಆಫ್. ಒಳಗಿನ ನೀರಿನ ಪಸೆ ಆವಿಯಾಗದೆ ಆಯಿಲ್‌ಗೆ ಸೇರುತ್ತದೆ. ವಾರಕ್ಕೊಮ್ಮೆ ಕುಶಾಲನಗರದವರೆಗೆ ಓಡಿಸಿಕೊಂಡು ಬನ್ನಿ. ಆಮೇಲೂ ನೊರೆ ಹೋಗದೆ, ಎಂಜಿನ್ ತಂಪಾಗಿಡುವ ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ, ಅಂದರೆ ಕೂಲೆಂಟ್ ಆಯಿಲ್‌ಗೆ ಸೇರದ ಹಾಗೆ ತಡೆಯುವ ಪ್ಯಾಕಿಂಗ್.

ಹಾಗಾಗಿ ಆಯಿಲ್ ಬದಲಾಯಿಸಲು ಕಿಲೋಮೀಟರ್ ಒಂದನ್ನೇ ಲೆಕ್ಕ ಹಿಡಿಯಬೇಡಿ. ಎಷ್ಟೋ ಪೆಟ್ರೋಲ್ ಕಾರಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ವರ್ಷಕ್ಕೆ 4,000 ಓಡಿದರೂ ಬದಲಾಯಿಸಲೇಬೇಕು.

[ದೃಶ್ಯ: ಕಾಫಿ ಕಣ. ಕಾರು ನಿಂತಿದೆ, ಬಾನೆಟ್ ತೆರೆದಿದೆ.]

ನಮ್ಮ ಅಂಗಳವೆಲ್ಲ ಇಳಿಜಾರು. ಅಲ್ಲಿ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ತೆಗೆದರೆ ಅಳತೆ ತಪ್ಪು ತೋರಿಸುತ್ತದೆ. ಅದಕ್ಕೇ ನಾನು ಕಾಫಿ ಕಣಕ್ಕೆ ತರುತ್ತೇನೆ, ಇಲ್ಲಿ ನೆಲ ಮಟ್ಟವಾಗಿದೆ. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಕಡ್ಡಿ ಒರೆಸಿ, ಪೂರ್ತಿ ಒಳಗಿಟ್ಟು ಮತ್ತೆ ತೆಗೆಯಿರಿ. ಎರಡು ಗುರುತಿನ ನಡುವೆ ಇದ್ದರೆ ಸರಿ. ಡೀಸೆಲ್ ಕಾರಿನಲ್ಲಿ ಮೇಲಿನ ಗುರುತು ದಾಟಿದ್ದರೆ ಮೂಗಿನ ಹತ್ತಿರ ಹಿಡಿದು ನೋಡಿ. ಡೀಸೆಲ್ ವಾಸನೆ ಬಂದರೆ ಮುಂದಿನ ಸರ್ವಿಸ್‌ವರೆಗೆ ಕಾಯಬೇಡಿ, ಈ ವಾರವೇ ಆಯಿಲ್ ಬದಲಾಯಿಸಿ.