ಹೊಸ ಮಡಿಗೆ ಯಾವ ಕಾಂಪೋಸ್ಟ್? ಹಾಕೋ ಮೊದಲು ಹೀಗೆ ಪರೀಕ್ಷೆ ಮಾಡಿ

[ದೃಶ್ಯ: ಅಕ್ಕಪಕ್ಕ ಎರಡು ಬುಟ್ಟಿ, ಎರಡರಲ್ಲೂ ಕಪ್ಪು ಗೊಬ್ಬರ]

ನಮಸ್ಕಾರ. ಎರಡು ಬುಟ್ಟಿಯಲ್ಲೂ ಗೊಬ್ಬರ ಕಪ್ಪಗೇ ಇದೆ. ಆದರೆ ಒಂದು ಚೆನ್ನಾಗಿ ಕಳಿತಿದೆ, ಇನ್ನೊಂದು ಅರೆಬರೆ. ಎರೆಗೊಬ್ಬರವೋ, ಕೊಟ್ಟಿಗೆ ಗೊಬ್ಬರವೋ ಅನ್ನೋದು ಆಮೇಲಿನ ಮಾತು. ಪೂರ್ತಿ ಕಳಿತಿದೆಯಾ ಅಂತ ಮೊದಲು ನೋಡಿ.

ಕಳಿಯದ ಗೊಬ್ಬರದಲ್ಲಿ ಮರದ ಹೊಟ್ಟು, ಒಣಕಡ್ಡಿ ಹೆಚ್ಚಿದ್ದರೆ ಅದನ್ನು ಕೊಳೆಸೋ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೂ ಎಳೆದುಕೊಳ್ಳುತ್ತವೆ. ಆಗ ಸಸಿಗಳು ಕೆಳಗಿನ ಎಲೆಯಿಂದ ಹಳದಿಯಾಗ್ತಾ ಬರುತ್ತವೆ. ಹಸಿ ಸಗಣಿ ಹೆಚ್ಚಿದ್ದರೆ ಅಮೋನಿಯಾದಿಂದ ಎಳೆ ಬೇರು ಸುಡುತ್ತೆ. ಲ್ಯಾಬ್ ವರದಿ ಕೈಗೆ ಸಿಕ್ಕರೆ ಇಂಗಾಲ–ಸಾರಜನಕ ಅನುಪಾತ ನೋಡಿ: 20:1 ಅಥವಾ ಅದಕ್ಕಿಂತ ಕಡಿಮೆ ಇರಲಿ, 30:1 ದಾಟಿದ್ದು ಬೇಡ.

[ಕ್ಲೋಸಪ್: ಮುಷ್ಟಿಯಲ್ಲಿ ಗೊಬ್ಬರ]

ಒಂದು ಹಿಡಿ ತಗೊಂಡು ಹಿಂಡಿ. ಉಂಡೆ ಕಟ್ಟಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ನೀರು ಇಳಿಯೋ ಹಾಗಿದ್ದರೆ ಒಳಗೆ ಗಾಳಿಗೆ ಜಾಗ ಇಲ್ಲ. ಮೂಸಿದಾಗ ಮಣ್ಣಿನ ವಾಸನೆ ಬರಬೇಕು. ಮೂಗು ಚುರುಗುಟ್ಟಿದರೆ ಅಮೋನಿಯಾ ಇನ್ನೂ ಇದೆ. ಅನುಮಾನ ಇದ್ದರೆ ಸ್ವಲ್ಪ ಒದ್ದೆ ಮಾಡಿ, ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಮೂರು ದಿನ ಬಿಟ್ಟು ತೆಗೆದಾಗ ಹುಳಿ ಅಥವಾ ಕೊಳೆತ ವಾಸನೆ ಬಂದರೆ ಆ ಗೊಬ್ಬರ ಇನ್ನೂ ಕೆಲವು ವಾರ ರಾಶಿಯಲ್ಲೇ ಇರಲಿ.

[ದೃಶ್ಯ: ಆರು ಕುಂಡ, ಹುರುಳಿಕಾಯಿ ಸಸಿಗಳು]

ಕಣ್ಣು, ಮೂಗು ಎರಡಕ್ಕೂ ಸಿಗದ ತೊಂದರೆ ಒಂದಿದೆ: ಕಳೆನಾಶಕದ ಉಳಿಕೆ. ಅಮಿನೊಪೈರಾಲಿಡ್, ಕ್ಲೋಪೈರಾಲಿಡ್‌ನಂಥವು ಹುಲ್ಲಿನಿಂದ ದನದ ಹೊಟ್ಟೆಗೆ ಹೋಗಿ ಸಗಣಿಯಲ್ಲಿ ಹಾಗೇ ಹೊರಬರುತ್ತವೆ. ಕಾಂಪೋಸ್ಟ್ ರಾಶಿಯ ಬಿಸಿಗೂ ಸುಲಭಕ್ಕೆ ಒಡೆಯಲ್ಲ. ಸಗಣಿ, ಹುಲ್ಲು ಸೇರಿದ ಗೊಬ್ಬರಕ್ಕೆ ಈ ಪರೀಕ್ಷೆ ದಯವಿಟ್ಟು ಬಿಡಬೇಡಿ. ಮೂರು ಕುಂಡಕ್ಕೆ ಗೊಬ್ಬರ ಮತ್ತು ಶುದ್ಧ ಪಾಟಿಂಗ್ ಮಿಶ್ರಣ ಸಮಸಮ, ಇನ್ನು ಮೂರಕ್ಕೆ ಬರೀ ಪಾಟಿಂಗ್ ಮಿಶ್ರಣ. ಎಲ್ಲದರಲ್ಲೂ ಹುರುಳಿಕಾಯಿ ಬೀಜ. ಕುಂಡಕ್ಕೊಂದು ಬೇರೆ ತಟ್ಟೆ ಇಡಿ. ಒಂದರಿಂದ ಬಸಿದ ನೀರು ಇನ್ನೊಂದಕ್ಕೆ ಸೇರಿದರೆ ಫಲಿತಾಂಶ ಕೆಡುತ್ತೆ. ಎರಡು–ಮೂರು ವಾರದಲ್ಲಿ ಗೊಬ್ಬರದ ಕುಂಡಗಳಲ್ಲಿ ಮಾತ್ರ ಹೊಸ ಎಲೆ ಬಟ್ಟಲಿನ ಹಾಗೆ ಮುದುಡಿ, ಕಾಂಡ ತಿರುಚಿದರೆ ಆ ಗೊಬ್ಬರ ಮಡಿಗೆ ಬೇಡವೇ ಬೇಡ. ಮೊಳಕೆಯೇ ಸರಿಯಾಗಿ ಬರದಿದ್ದರೆ ಗೊಬ್ಬರ ಕಳಿತಿಲ್ಲ, ಇಲ್ಲವೇ ಲವಣ ಹೆಚ್ಚಿದೆ.

[ದೃಶ್ಯ: ಗುದ್ದಲಿಯಲ್ಲಿ ಗೊಬ್ಬರ ಬೆರೆಸುವುದು]

ಈಗ ಎಷ್ಟು ಹಾಕಬೇಕು? ಮಣ್ಣಿನ ಮೇಲೆ 5 ಸೆಂ.ಮೀ. ಹರಡಿ, 15ರಿಂದ 20 ಸೆಂ.ಮೀ. ಆಳಕ್ಕೆ ಬೆರೆಸಿ. 1.2 ಮೀಟರ್ ಅಗಲ, 2.4 ಮೀಟರ್ ಉದ್ದದ ಮಡಿಗೆ 144 ಲೀಟರ್, ಅಂದರೆ 50 ಲೀಟರಿನ ಮೂರು ಚೀಲ ಸಾಕು. ಕೊಟ್ಟಿಗೆ ಗೊಬ್ಬರದಲ್ಲಿ ಲವಣ, ರಂಜಕ ಎರಡೂ ಹೆಚ್ಚಿರೋದರಿಂದ ಅರ್ಧ ಹಾಕಿ. ಎಲೆಗೊಬ್ಬರದಲ್ಲಿ ಪೋಷಕಾಂಶ ಕಡಿಮೆ, ಆದರೆ ಗಟ್ಟಿಮಣ್ಣು ಸಡಿಲಾಗೋಕೆ ಬಹಳ ಒಳ್ಳೇದು.

ಎತ್ತರದ ಮಡಿಯನ್ನು ಬರೀ ಕಾಂಪೋಸ್ಟಿನಿಂದ ತುಂಬಿಸಬೇಡಿ. ಅದು ಕಳಿಯುತ್ತಾ ಕುಸಿಯುತ್ತೆ, ರಂಜಕವೂ ಅತಿಯಾಗುತ್ತೆ. ಮೂರು ಪಾಲು ಮಣ್ಣಿಗೆ ಒಂದು ಪಾಲು ಹಾಕಿ. ಮುಂದಿನ ವರ್ಷದಿಂದ ಅಗೆಯೋದೂ ಬೇಡ, ಮೇಲೆ 1–2 ಸೆಂ.ಮೀ. ಹರಡಿದರೆ ಸಾಕು.