ನಾಳ ಮರುಜೋಡಣೆಯ ನಂತರದ ಬಸಿರು

ಎಲ್ಲರಿಗೂ ನಮಸ್ಕಾರ. ಸಂತಾನಹರಣ ಆಪರೇಷನ್‌ನಲ್ಲಿ ಕಟ್ಟಿದ ಗರ್ಭನಾಳವನ್ನು ಮತ್ತೆ ಜೋಡಿಸಿಕೊಂಡ ಮೇಲೆ ಬರುವ ಬಸಿರಿನ ಬಗ್ಗೆ ಈ ವಿಡಿಯೊ. ಈಗ ತೆರೆಯ ಮೇಲೆ ಕಾಣುತ್ತಿರುವುದು ನನ್ನ ಎರಡನೆಯ ಹೆರಿಗೆಯ ಡಿಸ್ಚಾರ್ಜ್ ಕಾರ್ಡು. ಮಡಿಕೆಗಳಲ್ಲಿ ಹರಿದಿದೆ, ಒಂದು ಮೂಲೆಗೆ ಎಣ್ಣೆಯ ಕಲೆ ಹತ್ತಿದೆ, ಆದರೂ ಕೆಳಗಿನ ಸಾಲಿನಲ್ಲಿ ವೈದ್ಯರು ಕೈಬರಹದಲ್ಲಿ ಬರೆದದ್ದು ಸ್ಪಷ್ಟವಾಗಿದೆ: ಸಿಸೇರಿಯನ್ ಜೊತೆಗೆ ಎರಡೂ ಕಡೆಯ ಟ್ಯೂಬೆಕ್ಟಮಿ, ಮಾಡಿಫೈಡ್ ಪೊಮೆರಾಯ್ ವಿಧಾನ. ಅಂದರೆ ಎರಡೂ ಗರ್ಭನಾಳಗಳನ್ನು ಕಟ್ಟಿ ಕತ್ತರಿಸಿದ ಸಂತಾನಹರಣ ಆಪರೇಷನ್. ಮೊದಲ ಪತಿ ತೀರಿಕೊಂಡು, ಮೂವತ್ತರ ನಂತರ ಮರುಮದುವೆಯಾಗಿ, ನಮ್ಮಿಬ್ಬರಿಗೂ ಒಂದು ಮಗು ಬೇಕೆಂದು ಅನ್ನಿಸಿದಾಗ ಹುಬ್ಬಳ್ಳಿಯಲ್ಲಿ ನಾವು ಕಂಡ ವೈದ್ಯೆ ಮೊಟ್ಟಮೊದಲು ಕೇಳಿದ್ದು ಈ ಕಾಗದವನ್ನೇ. ನನ್ನ ವಯಸ್ಸನ್ನು ಅವರು ಕೇಳಿದ್ದು ಆಮೇಲೆ.

ನಮ್ಮ ಕಡೆ ಎರಡನೆಯ ಹೆರಿಗೆಯೊಂದಿಗೆ "ಆಪರೇಷನ್ ಮಾಡಿಸಿಬಿಡಿ" ಎನ್ನುವುದು ವಾಡಿಕೆಯ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಅವರಲ್ಲಿ ಬಹಳಷ್ಟು ಜನರಿಗೆ ಆಗ ವಯಸ್ಸು ಇಪ್ಪತ್ತೈದರ ಆಸುಪಾಸು. ಅಂದರೆ ಆ ಹೆಣ್ಣುಮಗಳ ಮುಂದೆ ಇನ್ನೂ ಹದಿನೈದು ಇಪ್ಪತ್ತು ವರ್ಷಗಳ ಸಂತಾನಶಕ್ತಿ ಉಳಿದಿರುತ್ತದೆ, ಮತ್ತು ಅಷ್ಟು ವರ್ಷಗಳಲ್ಲಿ ಸಾವು, ಮರುಮದುವೆ, ಮಗುವಿನ ಅಗಲಿಕೆ, ಏನು ಬೇಕಾದರೂ ಆಗಬಹುದು. 2004ರ ಡಿಸೆಂಬರಿನ ಸುನಾಮಿಯಲ್ಲಿ ಮಕ್ಕಳನ್ನು ಕಳೆದುಕೊಂಡ ನಾಗಪಟ್ಟಣದ ಕಡಲ ತೀರದ ತಾಯಂದಿರಲ್ಲಿ ಅನೇಕರು ಈ ಆಪರೇಷನ್ ಮಾಡಿಸಿಕೊಂಡವರೇ ಆಗಿದ್ದರು. ತಮಿಳುನಾಡು ಸರ್ಕಾರ ಅವರಿಗೆ ನಾಳ ಮರುಜೋಡಣೆಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡಿಸುವ ವ್ಯವಸ್ಥೆ ಮಾಡಿತು, ಅವರಲ್ಲಿ ಕೆಲವರ ಮಡಿಲು ಮತ್ತೆ ತುಂಬಿತು. ವೈದ್ಯರು ರೀಕೆನಲೈಸೇಷನ್ ಎಂದು ಕರೆಯುವ ಈ ಚಿಕಿತ್ಸೆ ಶ್ರೀಮಂತರ ಹವ್ಯಾಸವೆಂದು ತಿಳಿದವರು ಆ ತಾಯಂದಿರನ್ನು ಒಮ್ಮೆ ನೆನೆಯಬೇಕು.

ಡಿಸ್ಚಾರ್ಜ್ ಕಾರ್ಡಿನ ಆ ಒಂದು ಸಾಲು ಏಕೆ ಅಷ್ಟು ಮುಖ್ಯ ಎನ್ನುವುದನ್ನು ಹೇಳುತ್ತೇನೆ. ಗರ್ಭಕೋಶದ ಎರಡೂ ಪಕ್ಕಕ್ಕೆ ಚಾಚಿಕೊಂಡಿರುವ ಗರ್ಭನಾಳ ಹತ್ತರಿಂದ ಹನ್ನೆರಡು ಸೆಂಟಿಮೀಟರ್ ಉದ್ದವಿರುತ್ತದೆ. ಗರ್ಭಕೋಶದ ಹತ್ತಿರ ಅದರ ಒಳದಾರಿ ತೀರಾ ಕಿರಿದು, ಅಂಡಾಶಯದ ಕಡೆಗೆ ಹೋದಂತೆ ಅಗಲವಾಗುತ್ತದೆ, ತುದಿಯಲ್ಲಿ ಜಾಲರಿಯ ಹಾಗೆ ಬಿಡಿಸಿಕೊಂಡು ಅಂಡವನ್ನು ಎತ್ತಿಕೊಳ್ಳುತ್ತದೆ. ಪೊಮೆರಾಯ್ ವಿಧಾನದಲ್ಲಿ ನಾಳದ ಒಂದು ಮಡಿಕೆಯನ್ನು ಎತ್ತಿ, ಕಟ್ಟಿ, ಮೇಲಿನ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ, ಹೀಗಾಗಿ ಮೂರು ನಾಲ್ಕು ಸೆಂಟಿಮೀಟರ್ ನಷ್ಟವಾಗಬಹುದು. ಸಣ್ಣ ರಂಧ್ರದ ಮೂಲಕ ಮಾಡುವ ಲ್ಯಾಪ್ರೊಸ್ಕೋಪಿಯಲ್ಲಿ ರಬ್ಬರಿನಂಥ ಉಂಗುರ ಹಾಕಿದ್ದರೆ ಹಾನಿ ಸ್ವಲ್ಪ ಕಡಿಮೆ, ಕ್ಲಿಪ್ ಹಾಕಿದ್ದರೆ ಇನ್ನೂ ಕಡಿಮೆ. ಜಾಲರಿಯ ತುದಿಯನ್ನೇ ತೆಗೆದುಹಾಕಿದ್ದರೆ ಅಥವಾ ನಾಳವನ್ನು ಉದ್ದಕ್ಕೂ ಸುಟ್ಟಿದ್ದರೆ ಮರುಜೋಡಣೆಯಿಂದ ಹೆಚ್ಚಿನ ಫಲ ಸಿಗುವುದಿಲ್ಲ. ಜೋಡಿಸಿದ ಮೇಲೆ ನಾಳ ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಉದ್ದ ಉಳಿಯಬೇಕು ಎನ್ನುವುದು ಶಸ್ತ್ರವೈದ್ಯರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಳತೆ. ಆದ್ದರಿಂದ ನಿಮ್ಮ ಮನೆಯ ಟ್ರಂಕಿನಲ್ಲೋ ಬೀರುವಿನಲ್ಲೋ ಹಳೆಯ ಕಾರ್ಡು ಇದ್ದರೆ ಇಂದೇ ಹುಡುಕಿ ತೆಗೆದಿಡಿ. ಕಳೆದುಹೋಗಿದ್ದರೆ ಆಪರೇಷನ್ ಆದ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ವಿಚಾರಿಸಿ.

ಶಸ್ತ್ರಚಿಕಿತ್ಸೆಗೆ ಮೊದಲು ಇನ್ನೊಂದು ಪರೀಕ್ಷೆ ಆಗಲೇಬೇಕು, ಅದು ಗಂಡನ ವೀರ್ಯ ಪರೀಕ್ಷೆ. ಎಷ್ಟೋ ಮನೆಗಳಲ್ಲಿ ಹೆಂಡತಿಯ ಹೊಟ್ಟೆ ಕೊಯ್ಯುವುದಕ್ಕೆ ಎಲ್ಲರೂ ಒಪ್ಪುತ್ತಾರೆ, ಗಂಡ ಒಂದು ಡಬ್ಬಿಯಲ್ಲಿ ಮಾದರಿ ಕೊಡುವುದಕ್ಕೆ ಮಾತ್ರ ಮುಜುಗರಪಡುತ್ತಾರೆ. ನಮ್ಮ ಯಜಮಾನರು ಮೊದಲ ಭೇಟಿಯಲ್ಲಿಯೇ ಕೊಟ್ಟುಬಂದರು, ಅದಕ್ಕೆ ನಾನು ಅವರಿಗೆ ಋಣಿ. ವೀರ್ಯಾಣುಗಳ ಸಂಖ್ಯೆ ಅಥವಾ ಚಲನೆ ತೀರಾ ಕಡಿಮೆಯಿದ್ದರೆ ನಾಳವನ್ನು ಎಷ್ಟು ಚೆನ್ನಾಗಿ ಜೋಡಿಸಿದರೂ ಪ್ರಯೋಜನವಿಲ್ಲ, ಆಗ ನೇರವಾಗಿ ಐವಿಎಫ್ (ಅಂಡ ಮತ್ತು ವೀರ್ಯಾಣುವನ್ನು ಪ್ರಯೋಗಾಲಯದಲ್ಲಿ ಕೂಡಿಸುವ ಚಿಕಿತ್ಸೆ) ಕಡೆಗೆ ಹೋಗುವುದೇ ಸರಿ. ಜೊತೆಗೆ ನನ್ನ ಅಂಡಾಶಯದಲ್ಲಿ ಎಷ್ಟು ಅಂಡ ಉಳಿದಿರಬಹುದೆಂದು ಅಂದಾಜಿಸಲು ಎಎಂಹೆಚ್ ರಕ್ತಪರೀಕ್ಷೆಯನ್ನೂ ಮಾಡಿಸಿದರು.

ಐವಿಎಫೋ ಮರುಜೋಡಣೆಯೋ ಎಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ಮೂವತ್ತೈದರೊಳಗಿನವರಿಗೆ, ನಾಳ ಸಾಕಷ್ಟು ಉಳಿದವರಿಗೆ ಮರುಜೋಡಣೆ ಒಳ್ಳೆಯ ದಾರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಮ್ಮೆ ಕೂಡಿಸಿದ ನಾಳ ಪ್ರತಿ ತಿಂಗಳೂ ಒಂದು ಅವಕಾಶ ಕೊಡುತ್ತದೆ, ಐವಿಎಫ್‌ನಲ್ಲಿ ಪ್ರತಿ ಪ್ರಯತ್ನಕ್ಕೂ ಹೊಸದಾಗಿ ಚುಚ್ಚುಮದ್ದು, ಹೊಸದಾಗಿ ಹಣ. ನಲವತ್ತರ ಹತ್ತಿರ ಬಂದವರಿಗೆ ಈ ಲೆಕ್ಕ ತಿರುಗಿಬಿಡುತ್ತದೆ. ಅವರಿಗೆ ಶಸ್ತ್ರಚಿಕಿತ್ಸೆಯ ನಂತರ ಕಾಯುವಷ್ಟು ಸಮಯವಿರುವುದಿಲ್ಲ, ಅಂಡದ ಗುಣಮಟ್ಟವೂ ಇಳಿದು ಗರ್ಭಪಾತದ ಸಂಭವ ಹೆಚ್ಚಿರುತ್ತದೆ. ವಯಸ್ಸಿಗೆ ತಕ್ಕಂತೆ ಫಲಿತಾಂಶ ಬಹಳ ವ್ಯತ್ಯಾಸವಾಗುವುದರಿಂದ, "ನಮ್ಮಲ್ಲಿ ನೂರಕ್ಕೆ ಇಷ್ಟು ಯಶಸ್ಸು" ಎಂದು ಒಂದೇ ಅಂಕಿ ತೋರಿಸುವ ಜಾಹೀರಾತನ್ನು ನಂಬಬೇಡಿ. ಅದು ಯಾವ ವಯಸ್ಸಿನವರ ಅಂಕಿ, ಬಸಿರಾದವರದೋ ಮಗು ಹೆತ್ತವರದೋ ಎಂದು ಕೇಳಿ. ಈ ಎರಡು ಸಂಖ್ಯೆಗಳು ಎಂದಿಗೂ ಒಂದೇ ಆಗಿರುವುದಿಲ್ಲ.

ಇಲ್ಲಿ ಮತ್ತೊಂದು ಮಾತನ್ನೂ ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳೇ ಇದ್ದಾರೆ, ಗಂಡು ಬೇಕೆಂದು ಅತ್ತೆ ಮಾವ ಒತ್ತಾಯಿಸುತ್ತಿದ್ದಾರೆ ಎಂಬ ಕಾರಣಕ್ಕೆ ಈ ಶಸ್ತ್ರಚಿಕಿತ್ಸೆಗೆ ಹೊರಟ ಸೋದರಿಯರು ನನಗೆ ಆಸ್ಪತ್ರೆಯ ಬೆಂಚಿನ ಮೇಲೆ ಸಿಕ್ಕಿದ್ದಾರೆ. ಭ್ರೂಣಲಿಂಗ ಪತ್ತೆ 1994ರ ಕಾಯ್ದೆಯಿಂದ ನಿಷಿದ್ಧ, ಅದು ಎಲ್ಲರಿಗೂ ಗೊತ್ತಿರುವುದೇ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ದೇಹದ ಮೇಲೆ ಇನ್ನೊಂದು ಗಾಯ, ಇನ್ನೊಂದು ಬಸಿರು, ಇನ್ನೊಂದು ಹೆರಿಗೆ ಬೇಕೇ ಎಂದು ತೀರ್ಮಾನಿಸುವವರು ನೀವೇ ಆಗಬೇಕು.

ಶಸ್ತ್ರಚಿಕಿತ್ಸೆಯ ವಿವರವನ್ನು ಚುಟುಕಾಗಿ ಹೇಳುತ್ತೇನೆ. ನನಗೆ ಹಳೆಯ ಸಿಸೇರಿಯನ್ ಗೆರೆಯ ಮೇಲೆಯೇ ಸಣ್ಣದಾಗಿ ತೆರೆದರು, ಲ್ಯಾಪ್ರೊಸ್ಕೋಪಿಯಲ್ಲಿ ಮಾಡುವವರೂ ಇದ್ದಾರೆ. ಕಟ್ಟಿದ್ದ ಎರಡೂ ತುದಿಗಳನ್ನು ಆರೋಗ್ಯವಾದ ಒಳಪದರ ಕಾಣುವವರೆಗೆ ಸವರಿ, ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ತೆಳುವಾದ ದಾರದಿಂದ ಹೊಲಿದು, ಗರ್ಭಕೋಶದ ಮೂಲಕ ನೀಲಿ ಬಣ್ಣದ ದ್ರವವನ್ನು ಹಾಯಿಸಿ ದಾರಿ ತೆರೆದಿದೆಯೇ ಎಂದು ಮೇಜಿನ ಮೇಲೆಯೇ ಪರೀಕ್ಷಿಸುತ್ತಾರೆ. ನನ್ನ ಬಲಗಡೆಯ ನಾಳದ ತುದಿಯಿಂದ ನೀಲಿ ಸರಾಗವಾಗಿ ಹೊರಬಂತು, ಎಡಗಡೆ ಮಾತ್ರ ತಡೆತಡೆದು ಹನಿಯಿತು ಎಂದು ವೈದ್ಯೆ ಮರುದಿನ ಬೆಳಿಗ್ಗೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಒಂದು ನಾಳ ಚೆನ್ನಾಗಿದ್ದರೂ ಬಸಿರು ನಿಲ್ಲಬಹುದು ಎಂಬ ಮಾತಿನ ಮೇಲೆ ನಾನು ಮನೆಗೆ ಬಂದೆ.

ಇನ್ನು ಮುಂದಿನದು ಈ ವಿಡಿಯೊದಲ್ಲಿ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ವಿಷಯ. ಮರುಜೋಡಣೆಯಾದ ಮೇಲೆ ಮುಟ್ಟು ಒಂದೆರಡು ದಿನ ತಡವಾದರೂ ಸುಮ್ಮನಿರಬೇಡಿ. ಜೋಡಿಸಿದ ಜಾಗದಲ್ಲಿ ಒಳದಾರಿ ಕಿರಿದಾಗಿರಬಹುದು, ಭ್ರೂಣವನ್ನು ಮುಂದಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ಅಲ್ಲಿ ಇಲ್ಲದಿರಬಹುದು, ಆಗ ಭ್ರೂಣ ಗರ್ಭಕೋಶ ತಲುಪದೆ ನಾಳದಲ್ಲಿಯೇ ಬೇರೂರುತ್ತದೆ. ಇದನ್ನೇ ಎಕ್ಟೋಪಿಕ್ ಗರ್ಭ ಎನ್ನುತ್ತಾರೆ. ಸಾಮಾನ್ಯವಾಗಿ ನೂರು ಬಸಿರುಗಳಲ್ಲಿ ಒಂದೋ ಎರಡೋ ಹೀಗಾಗುತ್ತವೆ, ಮರುಜೋಡಣೆಯಾದವರಲ್ಲಿ ಈ ಸಂಭವ ಅದರ ಹಲವು ಪಟ್ಟು ಹೆಚ್ಚು. ಮನೆಯಲ್ಲಿ ಮೂತ್ರದ ಪರೀಕ್ಷೆ ಮಾಡಿ ಎರಡು ಗೆರೆ ಬಂದಾಗ ಸಂತೋಷವಾಗುವುದು ಸಹಜ, ಆದರೆ ಆ ಎರಡು ಗೆರೆ ಬಸಿರು ಎಲ್ಲಿದೆ ಎಂಬುದನ್ನು ಹೇಳುವುದಿಲ್ಲ. ನಾಳದಲ್ಲಿದ್ದರೂ ಅವೇ ಎರಡು ಗೆರೆ ಬರುತ್ತವೆ.

ಆದ್ದರಿಂದ ವೈದ್ಯರು ಬಸಿರಿನ ಹಾರ್ಮೋನನ್ನು ಅಳೆಯುವ ಬೀಟಾ ಹೆಚ್‌ಸಿಜಿ ಎಂಬ ರಕ್ತಪರೀಕ್ಷೆಯನ್ನು ಎರಡು ದಿನಗಳ ಅಂತರದಲ್ಲಿ ಮಾಡಿಸುತ್ತಾರೆ. ಆರಂಭದ ವಾರಗಳಲ್ಲಿ ಆರೋಗ್ಯವಾದ ಬಸಿರಿನಲ್ಲಿ ಇದರ ಪ್ರಮಾಣ ಎರಡು ಮೂರು ದಿನಗಳಿಗೊಮ್ಮೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ನಿಧಾನವಾಗಿ ಏರಿದರೆ ಅನುಮಾನಿಸಬೇಕು. ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿ ಆರನೆಯ ವಾರದ ಹೊತ್ತಿಗೆ ಒಳಗಿನಿಂದ ಸ್ಕ್ಯಾನ್ ಮಾಡಿ ಗರ್ಭಚೀಲ ಗರ್ಭಕೋಶದೊಳಗೇ ಇದೆಯೆಂದು ಖಚಿತಪಡಿಸಿಕೊಳ್ಳುತ್ತಾರೆ. ಬೇಗ ಗೊತ್ತಾದರೆ ಅನೇಕ ಸಂದರ್ಭಗಳಲ್ಲಿ ಮೆಥೊಟ್ರೆಕ್ಸೇಟ್ ಚುಚ್ಚುಮದ್ದಿನಿಂದಲೇ ಎಕ್ಟೋಪಿಕ್ ಗರ್ಭವನ್ನು ನಿವಾರಿಸಬಹುದು. ತಡವಾದರೆ ನಾಳ ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯುತ್ತದೆ. ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಚುಚ್ಚುವ ನೋವು, ಸ್ವಲ್ಪ ಸ್ವಲ್ಪವೇ ರಕ್ತಸ್ರಾವ, ಭುಜದ ತುದಿಯಲ್ಲಿ ನೋವು, ಕಣ್ಣು ಕತ್ತಲೆ ಬಂದು ತಲೆ ಸುತ್ತುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಗ್ಯಾಸಿನ ನೋವೆಂದು ಓಮದ ಕಷಾಯ ಕುಡಿದು ಮಲಗುವ ಹೊತ್ತು ಅದಲ್ಲ. ಆಸ್ಪತ್ರೆಯಲ್ಲಿ ಮೊದಲ ಮಾತಾಗಿಯೇ "ನನಗೆ ನಾಳ ಮರುಜೋಡಣೆಯಾಗಿದೆ" ಎಂದು ಹೇಳಿ. ಆಪರೇಷನ್ ಆದವಳಿಗೆ ಬಸಿರು ಎಲ್ಲಿಂದ ಎಂದು ಹಳೆಯ ಕಾಗದ ನೋಡಿ ಕೈಬಿಡುವ ಪ್ರಸಂಗಗಳು ಆಗಬಾರದು.

ಆ ಸ್ಕ್ಯಾನಿನ ದಿನ ನಾನು ಪರದೆಯನ್ನು ನೋಡಲಾರದೆ ಗೋಡೆಯ ಕಡೆ ಮುಖ ಮಾಡಿದ್ದೆ. "ಒಳಗೇ ಇದೆ, ಸರಿಯಾದ ಜಾಗದಲ್ಲಿದೆ, ಇಲ್ಲಿ ನೋಡಮ್ಮ" ಎಂದು ವೈದ್ಯೆ ಹೇಳಿದ ಮೇಲೆ ತಿರುಗಿದೆ. ಬೂದು ಬಣ್ಣದ ನಡುವೆ ಅವರೆಕಾಳಿಗಿಂತ ಚಿಕ್ಕದಾದ ಒಂದು ಕಪ್ಪು ಗುಳಿ, ಅದರ ಅಂಚಿನಲ್ಲಿ ಮಿಣುಕುತ್ತಿದ್ದ ಏನೋ ಒಂದು. ಯಜಮಾನರು ಅದರ ಅಗಲ ಎಷ್ಟು ಮಿಲಿಮೀಟರ್ ಎಂದು ಕೇಳಿ ಕೈಮೇಲೆ ಪೆನ್ನಿನಿಂದ ಬರೆದುಕೊಂಡರು.

ಬಸಿರು ಗರ್ಭಕೋಶದಲ್ಲಿ ನಿಂತಿತೆಂದರೆ ಅಲ್ಲಿಂದ ಮುಂದೆ ಅದು ಬಹುಮಟ್ಟಿಗೆ ಎಲ್ಲರ ಬಸಿರಿನಂತೆಯೇ. ನಾಳ ಜೋಡಿಸಿಕೊಂಡವರು ಒಂಬತ್ತು ತಿಂಗಳೂ ಹಾಸಿಗೆ ಬಿಟ್ಟು ಏಳಬಾರದು ಎಂದು ಹೇಳುವವರಿದ್ದಾರೆ, ಅದಕ್ಕೆ ಆಧಾರವಿಲ್ಲ. ನಿಜವಾಗಿ ಲಕ್ಷ್ಯ ಕೊಡಬೇಕಾದದ್ದು ಹಳೆಯ ಸಿಸೇರಿಯನ್ ಗಾಯಕ್ಕೆ. ನನ್ನ ಹಾಗೆ ಸಿಸೇರಿಯನ್ ಜೊತೆಯಲ್ಲೇ ಆಪರೇಷನ್ ಮಾಡಿಸಿಕೊಂಡವರ ಗರ್ಭಕೋಶದ ಮೇಲೆ ಒಂದೋ ಎರಡೋ ಗಾಯದ ಗುರುತುಗಳಿರುತ್ತವೆ. ಮಾಸು (ಪ್ಲಾಸೆಂಟಾ) ಕೆಳಗೆ ಕುಳಿತು ಆ ಗಾಯದೊಳಕ್ಕೆ ಬೆಳೆದುಬಿಟ್ಟರೆ ಹೆರಿಗೆಯ ವೇಳೆ ಅಪಾರ ರಕ್ತಸ್ರಾವವಾಗುತ್ತದೆ. ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಮಾಸು ಎಲ್ಲಿದೆ ಎಂದು ನೀವೇ ಬಾಯಿಬಿಟ್ಟು ಕೇಳಿ. ನನ್ನದು ಮೇಲೆ, ಹಿಂಭಾಗದಲ್ಲಿದೆ ಎಂದು ವರದಿಯಲ್ಲಿದೆ. ಹೆರಿಗೆ ಸಹಜವೋ ಸಿಸೇರಿಯನ್ನೋ ಎನ್ನುವುದನ್ನು ಈ ಹಳೆಯ ಗಾಯಗಳು ನಿರ್ಧರಿಸುತ್ತವೆ, ನಾಳ ಮರುಜೋಡಣೆಯೊಂದೇ ಸಿಸೇರಿಯನ್‌ಗೆ ಕಾರಣವಲ್ಲ.

ಎರಡನೆಯದು ರಕ್ತ. ಬಸುರಿಯರಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ, ನಮ್ಮ ರಾಜ್ಯದಲ್ಲಿ ಹತ್ತು ಬಸುರಿಯರಲ್ಲಿ ನಾಲ್ಕಕ್ಕೂ ಹೆಚ್ಚು ಮಂದಿಗೆ ಇದೇ ತೊಂದರೆ. ಆಶಾ ಅಕ್ಕ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ, ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ತೆಗೆದುಕೊಳ್ಳಬೇಕು. ಅದನ್ನು ನುಂಗಿದ ಕೂಡಲೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಕ್ಯಾಲ್ಸಿಯಂ ಮಾತ್ರೆಯೊಂದಿಗೂ ಸೇರಿಸಬಾರದು. ನಾನು ರಾತ್ರಿ ಊಟವಾಗಿ ಒಂದು ಗಂಟೆಯ ನಂತರ ನಿಂಬೆಹಣ್ಣಿನ ನೀರಿನೊಂದಿಗೆ ನುಂಗುತ್ತೇನೆ, ಕ್ಯಾಲ್ಸಿಯಂ ಬೆಳಗಿನ ಮತ್ತು ಮಧ್ಯಾಹ್ನದ ಊಟದ ಜೊತೆಗೆ. ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಫೋಲಿಕ್ ಆಮ್ಲವನ್ನಂತೂ ಬಸಿರಾಗುವುದಕ್ಕೆ ಒಂದು ತಿಂಗಳಾದರೂ ಮೊದಲೇ ಶುರುಮಾಡಬೇಕು, ಏಕೆಂದರೆ ಮಗುವಿನ ಮೆದುಳು ಮತ್ತು ಬೆನ್ನುಹುರಿಯ ಮೂಲರೂಪ ಮೂಡುವುದು ಬಸಿರೆಂದು ಗೊತ್ತಾಗುವ ಆಸುಪಾಸಿನಲ್ಲಿಯೇ. ಮರುಜೋಡಣೆ ಮಾಡಿಸಿಕೊಂಡವರಿಗೆ ಇಲ್ಲೊಂದು ಅನುಕೂಲವಿದೆ: ನಮ್ಮದು ಯೋಚಿಸಿ ಮಾಡಿದ ಬಸಿರು, ಮಾತ್ರೆಯನ್ನು ಮುಂಚಿತವಾಗಿ ಶುರುಮಾಡಲು ಯಾವ ಅಡ್ಡಿಯೂ ಇಲ್ಲ.

ಊಟದಲ್ಲಿ ವಿಶೇಷವೇನೂ ಇಲ್ಲ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೆಂತ್ಯದ ಸೊಪ್ಪು, ಮೊಸರು, ದಿನಕ್ಕೊಂದು ಮೊಟ್ಟೆ, ಸಂಜೆ ರಾಗಿ ಅಂಬಲಿ. ಅತ್ತೆಯವರು ಎರಡು ಜೀವಕ್ಕೆ ಉಣ್ಣು ಎಂದು ಅನ್ನ ಹೆಚ್ಚು ಬಡಿಸುತ್ತಿದ್ದರು, ಸಕ್ಕರೆ ಪರೀಕ್ಷೆಯಲ್ಲಿ ಅಂಕಿ ಗಡಿಯ ಹತ್ತಿರ ಬಂದ ಮೇಲೆ ಅವರೇ ಅನ್ನ ಕಡಿಮೆ ಮಾಡಿ ಕಾಳುಪಲ್ಯ ಹೆಚ್ಚಿಸಿದರು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡುವ ಈ ಪರೀಕ್ಷೆಯಲ್ಲಿ 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಿಣಿಯ ಸಕ್ಕರೆ ಕಾಯಿಲೆ ಎಂದು ಪರಿಗಣಿಸುತ್ತಾರೆ. ಮೂವತ್ತು ದಾಟಿದ ನಮ್ಮಂಥವರು ಇದನ್ನು ತಪ್ಪಿಸಬಾರದು. ಹಾಗೆಯೇ ರಕ್ತದೊತ್ತಡ 140/90 ಮುಟ್ಟಿದರೆ, ಬಿಡದೆ ತಲೆನೋವು ಬಂದರೆ, ಮುಖ ಮತ್ತು ಕೈ ಊದಿಕೊಂಡರೆ ಅಂದೇ ತೋರಿಸಬೇಕು. ಪ್ರತಿ ತಿಂಗಳ 9ನೆಯ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಉಚಿತ ತಪಾಸಣೆ ನಡೆಯುತ್ತದೆ. ಖಾಸಗಿ ವೈದ್ಯರಲ್ಲಿ ತೋರಿಸುತ್ತಿರುವವರೂ ತಾಯಿ ಕಾರ್ಡ್ ಮಾಡಿಸಿಕೊಂಡು, ಅದರ ಮೊದಲ ಪುಟದಲ್ಲಿ ನಾಳ ಮರುಜೋಡಣೆಯ ತಾರೀಕು ಮತ್ತು ಹಿಂದಿನ ಸಿಸೇರಿಯನ್‌ಗಳ ಸಂಖ್ಯೆಯನ್ನು ಬರೆಸಿಕೊಳ್ಳಿ. ಅಪರಾತ್ರಿಯಲ್ಲಿ ನಿಮ್ಮನ್ನು ನೋಡುವ ವೈದ್ಯರಿಗೆ ನಿಮ್ಮ ಕಥೆ ತಿಳಿಯುವುದು ಆ ಪುಟದಿಂದಲೇ.

ನನಗೀಗ ಏಳನೆಯ ತಿಂಗಳು ನಡೆಯುತ್ತಿದೆ. ಹೆರಿಗೆಯಾದ ಮೇಲೆ ಏನು ಎಂಬುದನ್ನೂ ನಾವು ಈಗಲೇ ಮಾತಾಡಿಕೊಂಡಿದ್ದೇವೆ, ಏಕೆಂದರೆ ಜೋಡಿಸಿದ ನಾಳ ತೆರೆದೇ ಇರುತ್ತದೆ, ಬಾಣಂತನ ಮುಗಿಯುವ ಮೊದಲೇ ಮತ್ತೆ ಬಸಿರಾಗುವ ಸಾಧ್ಯತೆ ಇರುತ್ತದೆ. ಇನ್ನೊಮ್ಮೆ ನನ್ನ ಹೊಟ್ಟೆ ತೆರೆದು ನಾಳ ಕಟ್ಟುವುದು ಬೇಡ, ಗಂಡಸರ ಸಂತಾನಹರಣ ಆಪರೇಷನ್ ಆದ ಹೊಲಿಗೆಯಿಲ್ಲದ ವ್ಯಾಸೆಕ್ಟಮಿಯನ್ನು ತಾವೇ ಮಾಡಿಸಿಕೊಳ್ಳುವುದಾಗಿ ಯಜಮಾನರು ಹೇಳಿದ್ದಾರೆ. ಅದು ಮುಗಿಯುವುದು ಕೆಲವೇ ನಿಮಿಷಗಳಲ್ಲಿ, ಆದರೆ ಅದಾದ ಮೂರು ತಿಂಗಳವರೆಗೆ ಬೇರೆ ಗರ್ಭನಿರೋಧಕವನ್ನು ಬಳಸಿ, ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲವೆಂದು ಖಚಿತವಾದ ನಂತರವೇ ಅದನ್ನು ನಂಬಬೇಕು.