ಹನ್ನೊಂದು ನಾಯಿ, ಲೆಕ್ಕಕ್ಕ ನಾಕೂ ಇಲ್ಲ

ನಮಸ್ಕಾರ್ರಿ. ಮುಧೋಳ ನಾಯಿ ಸಾಕಿ ಮರಿ ಮಾಡಿಸೋರಿಗೆ ಒಂದು ಲೆಕ್ಕ. ಹತ್ತು ಹೆಣ್ಣು ಅದಾವ, ಗಂಡು ಒಂದ. ಒಟ್ಟು ಹನ್ನೊಂದು ಅಂತೀರಿ. ತಳಿ ಲೆಕ್ಕದಾಗ, ಅಂದ್ರ ಮುಂದಿನ ತಲೆಮಾರಿಗೆ ಎಷ್ಟು ನಾಯಿಯಷ್ಟು ಬ್ಯಾರೆ ಬ್ಯಾರೆ ರಕ್ತ ದಾಟತೈತಿ ಅನ್ನೋ ಲೆಕ್ಕದಾಗ, ಅದು 4 ಸುದ್ದಾ ಆಗಂಗಿಲ್ಲ. ಗಂಡಿನ ಸಂಖ್ಯೆ, ಹೆಣ್ಣಿನ ಸಂಖ್ಯೆ ಗುಣಿಸ್ರಿ, ಬಂದದ್ದನ್ನ 4ರಿಂದ ಗುಣಿಸ್ರಿ, ಒಟ್ಟು ನಾಯಿಯಿಂದ ಭಾಗಿಸ್ರಿ. 40ನ್ನ 11ರಿಂದ ಭಾಗಿಸಿದ್ರ 3.6. ಇನ್ನೂ ಹತ್ತು ಹೆಣ್ಣು ಕೊಂಡು ತಂದ್ರೂ 3.8ಕ್ಕ ನಿಲ್ತೈತಿ. ಅದ ಹತ್ತು ಹೆಣ್ಣಿಗೆ ನಾಕು ಗಂಡು ಇಡ್ರಿ, 11 ದಾಟತೈತಿ.

ಆದ್ರ ಮಂದಿ ಏನ್ ಮಾಡ್ತಾರ? ರೇಸಿನ್ಯಾಗ ಗೆದ್ದ ಒಂದ ಗಂಡಿನ ಬಾಗಲಿಗೆ ಸಾಲು ಹಚ್ಚತಾರ. ಮೊದಲ ಸೂಲಿನ ಮರಿ ಚಂದ ಬರ್ತಾವ, ಅದ ಮೋಸ. ಊರಾಗಿನ ಮರಿ ಎಲ್ಲಾ ಒಂದ ಅಪ್ಪನವು. ಅವನ್ನ ತಮ್ಮತಮ್ಮೊಳಗ ಕ್ರಾಸ್ ಮಾಡಿಸಿದ್ರ ಒಳತಳಿ (ರಕ್ತಸಂಬಂಧದೊಳಗಿನ ಕ್ರಾಸ್) ಪ್ರಮಾಣ ನೂರಕ್ಕ 12.5, ಅಪ್ಪನ್ನ ಮಗಳಿಗೆ ಬಿಟ್ರ 25. ಆಮ್ಯಾಲೆ ಎಂಟು ಹಾಕೋ ನಾಯಿ ನಾಕು ಹಾಕತೈತಿ, ಹದಿನೈದು ದಿನದೊಳಗ ಎರಡು ಸಾಯ್ತಾವ. ಬೈಗುಳ ಮಾತ್ರ ಫೀಡಿಗೆ, ಡಾಕ್ಟರಿಗೆ.

ನಾಕು ಮನಿ ಕೂಡ್ರಿ. ಕುಷ್ಟಗಿ ಗಂಡುಮರಿ ಲಿಂಗಸುಗೂರಿಗೆ, ಅಲ್ಲಿಂದು ಸಿಂಧನೂರಿಗೆ, ಸಿಂಧನೂರಂದು ಗಂಗಾವತಿಗೆ, ಗಂಗಾವತಿದು ತಿರುಗಿ ಕುಷ್ಟಗಿಗೆ. ಹೆಣ್ಣು ಹುಟ್ಟಿದ ಮನ್ಯಾಗ ಇರಬೇಕು. ಪ್ರತಿ ತಲೆಮಾರಿಗೂ ಅದ ದಿಕ್ಕು. ಒಂದು ತಲೆಮಾರಿಗೆ ಮೂರು ವರ್ಷ ಹಿಡೀರಿ. ಈ ಸರಪಳಿ ಹರಿಯೋದು ಒಂದ ಕಡೆ: ಯಾರೋ ಚಲೋ ರೇಟ್ ಕೊಟ್ಟ ಅಂತ ಗಂಡುಮರಿ ಮಾರಿಬಿಡ್ತಾರ. ಅದಕ್ಕ ಮನಿಗೆ ಎರಡು ಗಂಡು, ಬ್ಯಾರೆ ಬ್ಯಾರೆ ತಾಯಿವು, ಉಳಿಸಿಕೊಳ್ರಿ.

ಗಂಡು ಮನಿ ದಾಟೋ ಮುಂಚೆ ಬ್ರುಸೆಲ್ಲಾ ರಕ್ತಪರೀಕ್ಷೆ ಆಗಲೇಬೇಕು. ಆಕಳು ಕಂದು ಹಾಕೋ ರೋಗದ ಜಾತಿದ ಇದು. ಒಂದು ಮನಿಗೆ ಹೊಕ್ರ ನಮ್ಮ ಸರಪಳಿನ ಅದನ್ನ ನಾಕೂ ಮನಿಗೆ ಮುಟ್ಟಸ್ತೈತಿ. ಬಸುರಿ ನಾಯಿ 45 ದಿನ ದಾಟಿದ ಮ್ಯಾಲೆ ಕಂದು ಹಾಕಿದ್ರ ಬರಿಗೈಲೆ ಮುಟ್ಟಬ್ಯಾಡ್ರಿ, ಮನುಷ್ಯಾರಿಗೂ ಹತ್ತತೈತಿ.

ಬಸುರು 63 ದಿನ. ಫೆಬ್ರವರಿ ಕೊನಿಗೆ ಕ್ರಾಸ್ ಮಾಡಿಸಿದ್ರ ಮರಿ ಬೀಳೋದು ಮೇ ಹೊತ್ತಿಗೆ, ರಾಯಚೂರಿನ 40 ಡಿಗ್ರಿ ದಾಟಿದ ಬಿಸಲಾಗ. ಆ ಬೆದೆ ಬಿಟ್ಟುಬಿಡ್ರಿ. 2017ರ ಕೇಂದ್ರದ ನಿಯಮದಾಗೂ 18 ತಿಂಗಳ ಒಳಗಿನ ಹೆಣ್ಣಿಗೆ ಕ್ರಾಸ್ ಇಲ್ಲ, ಜೀವನಕ್ಕ ಐದ ಸೂಲು, 8 ವಾರದೊಳಗ ಮರಿ ಮಾರಂಗಿಲ್ಲ.

ಇನ್ನ ಪುಸ್ತಕ. ಬದುಕಿದ್ದು ಎಲ್ಲಾರೂ ಬರೀತಾರ, ಸತ್ತದ್ದು ಬರಿಯಂಗಿಲ್ಲ. ಎಷ್ಟು ಹುಟ್ಟಿದ್ವು, ಎಷ್ಟು ಸತ್ತವು, ಹುಟ್ಟಿದ ತೂಕ, ಹತ್ತನೇ ದಿನದ ತೂಕ ಬರೀರಿ. ಅಷ್ಟೊತ್ತಿಗೆ ಅದು ಡಬಲ್ ಆಗಿರಬೇಕು. ಒಂದು ಬೀಜ ಕೆಳಗ ಇಳಿಯದ ಗಂಡುಮರಿ ಬಂದ್ರ ಮರಿ ಆಗದಂಗ ಆಪರೇಷನ್ ಮಾಡಿಸಿ ಸಾಕೋರಿಗೆ ಕೊಡ್ರಿ, ಹೆಸರಿನ ಮುಂದ ತಾಯಿ ಹೆಸರೂ ಬರೀರಿ. ಆ ದೋಷ ತಾಯಿ ಕಡೆಯಿಂದಲೂ ಬರತೈತಿ, ಆಕಿ ಮೈಯಾಗ ಮಾತ್ರ ಕಾಣಂಗಿಲ್ಲ.